ನಿಮಗಿದು ಗೊತ್ತೇ? ಬ್ರೂಸ್‌ಪೇಟೆಯ ಓಣಿಗೆ ಯಾವ ಕರೆಂಟ್ ಕಾರು?

ಟಾಟಾ ಟಿಯಾಗೊ ಇವಿಯೋ, ಎಂಜಿ ಕಾಮೆಟ್ಟೋ? ಬಳ್ಳಾರಿಯಲ್ಲಿ ಸಣ್ಣ ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆನ್ನುವವರ ಮನೆಯಲ್ಲಿ ನಡೆಯುವ ವಾದ ಇದು. ಶೋರೂಮಿನ ಮೆಟ್ಟಿಲು ಹತ್ತುವ ಮೊದಲು ಇಷ್ಟು ತಿಳಿದಿರಲಿ.

● ಕರೆಂಟ್ ಕಾರು ಕರ್ನಾಟಕಕ್ಕೆ ಹೊಸದಲ್ಲ. ‘ರೇವಾ’ ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲೇ ರಸ್ತೆಗಿಳಿದಿತ್ತು. ಅದರ ಹಿಂದಿದ್ದವರು ಚೇತನ್ ಮೈನಿ. ಲಂಡನ್ನಿನಲ್ಲಿ ಅದೇ ಕಾರು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಾಡಿತು. 2010ರಲ್ಲಿ ಕಂಪನಿ ಮಹೀಂದ್ರಾ ಪಾಲಾಯಿತು.

● ಪೆಟ್ರೋಲಿಗಿಂತ ಮೊದಲೇ ಶತಕ. ಗಂಟೆಗೆ 100 ಕಿ.ಮೀ. ವೇಗ ದಾಟಿದ ಮೊದಲ ಕಾರು ಬ್ಯಾಟರಿಯದು. 1899ರಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಜಿ ಗಂಟೆಗೆ 105 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಿಸಿದ.

● ಕಾಮೆಟ್ ನ್ಯಾನೋಗಿಂತ ಗಿಡ್ಡ. ನ್ಯಾನೋ ಉದ್ದ 3,099 ಮಿ.ಮೀ., ಕಾಮೆಟ್ ಉದ್ದ 2,974 ಮಿ.ಮೀ. ಟಿಯಾಗೊ ಇವಿ 3,769 ಮಿ.ಮೀ. ಇದೆ. ಕಾಮೆಟ್‌ಗೂ ಟಿಯಾಗೊಗೂ ಎರಡೂವರೆ ಅಡಿಗೂ ಹೆಚ್ಚು ಅಂತರ. ಮನೆ ಮುಂದಿನ ಜಾಗವನ್ನು ಟೇಪು ಹಿಡಿದು ಅಳೆಯಿರಿ. ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

● ತಿರುಗಿಸಲು ಎಷ್ಟು ಜಾಗ? ಕಾಮೆಟ್‌ನ ತಿರುವಿನ ತ್ರಿಜ್ಯ 4.2 ಮೀಟರ್, ಟಿಯಾಗೊದ್ದು 5.1. ಅಂದರೆ ಪೂರ್ತಿ ಯೂ-ಟರ್ನ್‌ಗೆ ಕಾಮೆಟ್‌ಗೆ ಸುಮಾರು ಎಂಟೂವರೆ ಮೀಟರ್, ಟಿಯಾಗೊಗೆ ಹತ್ತು ಮೀಟರ್ ದಾಟಿದ ಅಗಲ ಬೇಕು. ಎದುರಿನಿಂದ ಗೂಡ್ಸ್ ಆಟೋ ಬಂದರೆ ಹಿಂದಕ್ಕೆ ಸರಿಯಲೇಬೇಕಾದ ಹಳೇ ಪೇಟೆಯ ಓಣಿಗಳಲ್ಲಿ ಇದು ದಿನಾ ಬೇಕಾಗುವ ಲೆಕ್ಕ.

● ಬಾಗಿಲು ಎರಡೋ, ನಾಲ್ಕೋ? ಕಾಮೆಟ್‌ಗೆ ಪಕ್ಕದ ಬಾಗಿಲು ಎರಡೇ, ಸೀಟು ನಾಲ್ಕು. ಹಿಂದೆ ಕೂರಲು ಮುಂದಿನ ಸೀಟು ಮಡಚಬೇಕು. ಮಂಡಿನೋವಿನ ಅಜ್ಜಿ ಮನೆಯಲ್ಲಿದ್ದರೆ ಟೆಸ್ಟ್ ಡ್ರೈವ್‌ಗೆ ಅವರನ್ನೂ ಕರೆದೊಯ್ಯಿರಿ. ಟಿಯಾಗೊಗೆ ಐದು ಸೀಟು, 240 ಲೀಟರ್ ಡಿಕ್ಕಿ. ಕಾಮೆಟ್‌ನಲ್ಲಿ ನಾಲ್ವರೂ ಕೂತರೆ ಸಾಮಾನಿಗೆ ಜಾಗ ಉಳಿಯುವುದಿಲ್ಲವೆಂದೇ ತಿಳಿಯಿರಿ.

● ತುಂಬಿದ ಬ್ಯಾಟರಿ ಎಂದರೆ ಮೂರು ಲೀಟರ್ ಪೆಟ್ರೋಲೂ ಅಲ್ಲ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಇದೆ. ಟಿಯಾಗೊದ ದೊಡ್ಡ ಬ್ಯಾಟರಿ 24 ಯೂನಿಟ್, ಕಾಮೆಟ್‌ನದು 17ರ ಆಸುಪಾಸು. ಅಷ್ಟರಲ್ಲೇ ಇಷ್ಟು ದೂರ ಹೋಗುವುದಕ್ಕೆ ಕಾರಣ ಮೋಟರು. ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಬಿಸಿಯಾಗಿ ಕಳೆಯುತ್ತದೆ. ಮೋಟರು ಬಹುಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ.

● ಕಾರು ಅದೇ, ಕಿಲೋಮೀಟರ್ ಕಡಿಮೆ! 2022ರಲ್ಲಿ ಟಿಯಾಗೊ ಇವಿ ಬಂದಾಗ ಅದರ ಸಣ್ಣ, ದೊಡ್ಡ ಬ್ಯಾಟರಿಗಳಿಗೆ ಹೇಳಿದ ದೂರ 250 ಮತ್ತು 315 ಕಿ.ಮೀ. ಆಮೇಲೆ ದೂರ ಅಳೆಯುವ ಪರೀಕ್ಷೆಯಲ್ಲಿ ವೇಗದ ಓಟವೂ ಸೇರಿತು. ಅದೇ ಬ್ಯಾಟರಿಗಳ ಲೆಕ್ಕ 223 ಮತ್ತು 293ಕ್ಕೆ ಇಳಿಯಿತು. ಕಾಮೆಟ್ 2023ರಲ್ಲಿ ಬಂದಾಗ ಹೇಳಿದ್ದು 230. ಎರಡು ಕಾರು ಹೋಲಿಸುವಾಗ ಎರಡೂ ಅಂಕಿ ಒಂದೇ ಪರೀಕ್ಷೆಯವೇ ಎಂದು ಕೇಳಿ.

● ‘ಎಷ್ಟು ಕೊಡ್ತದ?’ ಎಂಬ ಪ್ರಶ್ನೆಗೆ ಸುಲಭ ಉತ್ತರ: ಕಂಪನಿ ಹೇಳಿದ್ದರಲ್ಲಿ ನಾಲ್ಕರಲ್ಲಿ ಮೂರು ಪಾಲು ಹಿಡಿಯಿರಿ. ಆಗ ಕಾಮೆಟ್ 170, ದೊಡ್ಡ ಬ್ಯಾಟರಿಯ ಟಿಯಾಗೊ 220 ಕಿ.ಮೀ. ಆಸುಪಾಸು. ಸಿರುಗುಪ್ಪಕ್ಕೆ ಹೋಗಿಬರಲು ಸುಮಾರು 110, ಕುರುಗೋಡಿಗೆ ಸುಮಾರು 60 ಕಿ.ಮೀ. ಎರಡೂ ಕಾರು ಗೆದ್ದವು.

● ಬೆಂಗಳೂರು ಎಂದರೆ ಮಾತೇ ಬೇರೆ. ಬಳ್ಳಾರಿಯಿಂದ ಅಲ್ಲಿಗೆ 300 ಕಿ.ಮೀ. ಮೇಲೆ. ಕಾಮೆಟ್‌ಗೆ ಡಿಸಿ ಫಾಸ್ಟ್ ಚಾರ್ಜಿಂಗ್ ಇಲ್ಲ. ದಾರಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಟಿಯಾಗೊ ಡಿಸಿ ಚಾರ್ಜರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಶೇ 10ರಿಂದ ಶೇ 80ಕ್ಕೆ ಏರುತ್ತದೆ.

● ಐದು ಆಂಪಿಯರ್ ಪ್ಲಗ್ಗಿಗೆ ಸಿಗಿಸಬೇಡಿ. 3.3 ಕಿಲೋವ್ಯಾಟ್ ಚಾರ್ಜರ್ ಹೆಚ್ಚುಕಡಿಮೆ 14–15 ಆಂಪಿಯರ್ ಎಳೆಯುತ್ತದೆ, ಅದೂ ಏಳೆಂಟು ತಾಸು ಬಿಡದೆ. 16 ಆಂಪಿಯರ್ ಸಾಕೆಟ್, ಅದಕ್ಕೇ ಪ್ರತ್ಯೇಕ ವೈರು ಮತ್ತು ಎಂಸಿಬಿ, ಸರಿಯಾದ ಅರ್ತಿಂಗ್ ಬೇಕೇಬೇಕು. ಹಳೇ ಮನೆಗಳ ಮಂಜೂರಾದ ಲೋಡ್ ಒಂದೆರಡು ಕಿಲೋವ್ಯಾಟ್ ಮಾತ್ರ ಇದ್ದರೆ ಜೆಸ್ಕಾಂಗೆ ಅರ್ಜಿ ಹಾಕಿ ಏರಿಸಿಕೊಳ್ಳಬೇಕು.

● ಕಾರು ಬಂದರೆ ಗೃಹಜ್ಯೋತಿ ಹೋದೀತು! ದಿನಕ್ಕೆ 40 ಕಿ.ಮೀ. ಓಡಿಸಿದರೆ ಚಾರ್ಜಿಂಗ್ ನಷ್ಟವೂ ಸೇರಿ ತಿಂಗಳಿಗೆ 130 ಯೂನಿಟ್ ಮೇಲೆ ಬೇಕು. ಮನೆ ಬಳಕೆ 80 ಯೂನಿಟ್ ಇದ್ದರೆ ಒಟ್ಟು ಬಳಕೆ ಗೃಹಜ್ಯೋತಿಯ ಉಚಿತ ಮಿತಿಯಾದ 200 ಯೂನಿಟ್ ದಾಟುತ್ತದೆ. ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಕಾರಿಗೆ ಬೇರೆ ಮೀಟರ್ ಸಿಗುತ್ತದೆಯೇ ಎಂದು ಜೆಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

● ಆದರೂ ಅಗ್ಗ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ಕಿಲೋಮೀಟರಿಗೆ 70 ಪೈಸೆ ಹತ್ತಿರ. ಲೀಟರಿಗೆ 100 ರೂಪಾಯಿ, 18 ಕಿ.ಮೀ. ಎಂದರೆ ಪೆಟ್ರೋಲ್ ಕಾರಿಗೆ ಐದೂವರೆ ರೂಪಾಯಿ. ತಿಂಗಳಿಗೆ 600 ಕಿ.ಮೀ. ಓಡಿಸುವವರಿಗೆ ವರ್ಷಕ್ಕೆ ಸುಮಾರು 35 ಸಾವಿರ ಉಳಿತಾಯ. ಪೆಟ್ರೋಲ್ ಕಾರಿಗಿಂತ ಎಷ್ಟು ಹೆಚ್ಚು ಕೊಟ್ಟಿರೋ ಅದನ್ನು ಈ 35 ಸಾವಿರದಿಂದ ಭಾಗಿಸಿ. ಅಸಲು ಬರಲು ಎಷ್ಟು ವರ್ಷ ಬೇಕೆಂದು ಗೊತ್ತಾಗುತ್ತದೆ.

● ತೆರಿಗೆಯ ಅಂತರ ಕುಗ್ಗಿದೆ. 2019ರ ಆಗಸ್ಟ್‌ನಿಂದ ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5. ಸಣ್ಣ ಪೆಟ್ರೋಲ್ ಕಾರಿಗಿದ್ದ ಶೇ 28, 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿಯಿತು. ಹಾಗಾಗಿ ಅದಕ್ಕಿಂತ ಹಿಂದೆ ಗೆಳೆಯರು ಹಾಕಿದ ಲೆಕ್ಕವನ್ನು ಇಂದು ನಂಬಿ ಕೂರಬೇಡಿ. ರಾಜ್ಯದ ರಸ್ತೆ ತೆರಿಗೆ ಈಗ ಎಷ್ಟೆಂದು ಆರ್‌ಟಿಒದಲ್ಲಿ ಕೇಳಿ.

● ಬ್ಯಾಟರಿ ಬಾಡಿಗೆಗೂ ಸಿಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಎಂಜಿ ಕಂಪನಿ ಕಾಮೆಟ್‌ ಅನ್ನು ಬ್ಯಾಟರಿ ಬಿಟ್ಟು 4.99 ಲಕ್ಷಕ್ಕೆ ಕೊಡುವ ಯೋಜನೆ ತಂದಿತು. ಆಗ ಬ್ಯಾಟರಿಗೆ ಕಿಲೋಮೀಟರಿಗೆ 2.5 ರೂಪಾಯಿ ಇತ್ತು. ಕರೆಂಟಿನ 70 ಪೈಸೆ ಸೇರಿದರೆ 3.20 ಆಗುತ್ತಿತ್ತು. ಕಡಿಮೆ ಓಡಿಸುವವರ ಕೈಗೆ ಹಣ ಉಳಿಯುತ್ತದೆ, ಹೆಚ್ಚು ಓಡಿಸಿದಷ್ಟೂ ಲಾಭ ಕರಗುತ್ತದೆ. ತಿಂಗಳಿಗೆ ಇಂತಿಷ್ಟು ಓಡಿಸಲೇಬೇಕೆಂಬ ಷರತ್ತು ಇದೆಯೇ, ನೋಡಿ ಸಹಿ ಹಾಕಿ.

● ಬಳ್ಳಾರಿ ಬಿಸಿಲಿಗೂ ಪಾಲು ಕೊಡಬೇಕು. ಎಸಿ ಗಂಟೆಗೆ ಒಂದೂವರೆ ಯೂನಿಟ್ ನುಂಗಿದರೆ ಸುಮಾರು 15 ಕಿ.ಮೀ. ಓಟ ಹೋಯಿತು. ಲಿಥಿಯಂ ಬ್ಯಾಟರಿಗೆ ಬಿಸಿಯೇ ಶತ್ರು. ನೆರಳಲ್ಲಿ ನಿಲ್ಲಿಸಿ, ಮಧ್ಯಾಹ್ನ ಬಂದ ಕೂಡಲೇ ಚಾರ್ಜಿಗೆ ಹಾಕದೆ ರಾತ್ರಿ ತಂಪಾದ ಮೇಲೆ ಹಾಕಿ.

● ಐಪಿ67 ಎಂದರೇನು? 6 ಎಂದರೆ ಧೂಳು ಒಳಗೆ ಹೋಗದು. 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಎರಡೂ ಕಾರಿನ ಬ್ಯಾಟರಿಗೆ ಈ ದರ್ಜೆ ಇದೆ. ಅದಿರು ಲಾರಿಗಳ ಕೆಂಪು ಧೂಳಿನ ನಾಡಿಗೆ ಆ 6 ಬಲು ಮುಖ್ಯ.

● ಚಕ್ರ ನೋಡಿ ರಸ್ತೆ ಹಿಡಿಯಿರಿ. ಕಾಮೆಟ್‌ಗೆ 12 ಇಂಚಿನ ಚಕ್ರ, ಟಿಯಾಗೊಗೆ 14. ಗುಂಡಿ ಬಿದ್ದ ಹೆದ್ದಾರಿಯಲ್ಲಿ ಸಣ್ಣ ಚಕ್ರ ಹೆಚ್ಚು ಕುಲುಕುತ್ತದೆ. ಸ್ಟೆಪ್ನಿ ಇದೆಯೋ, ಪಂಕ್ಚರ್ ಕಿಟ್ ಮಾತ್ರವೋ ಎಂಬುದನ್ನೂ ಡಿಕ್ಕಿ ತೆಗೆಸಿ ನೋಡಿ.

● ಸಿಸಿ ಇಲ್ಲದ ಕಾರಿಗೆ ವಿಮೆ ಹೇಗೆ? ಕಿಲೋವ್ಯಾಟ್ ಲೆಕ್ಕದಲ್ಲಿ. ಥರ್ಡ್ ಪಾರ್ಟಿ ಪ್ರೀಮಿಯಂಗೆ 30 ಕಿಲೋವ್ಯಾಟ್‌ವರೆಗೆ ಒಂದು ಮೆಟ್ಟಿಲು, 30ರಿಂದ 65ರವರೆಗೆ ಇನ್ನೊಂದು. ಕಾಮೆಟ್ ಸುಮಾರು 31 ಕಿಲೋವ್ಯಾಟ್. ಕೂದಲೆಳೆಯಲ್ಲಿ ಟಿಯಾಗೊದ ಮೆಟ್ಟಿಲಿಗೇ ಬಂದು ನಿಂತಿದೆ.

● ಕೆಎ-34, ಆದರೆ ಹಸಿರು. ಸ್ವಂತ ಎಲೆಕ್ಟ್ರಿಕ್ ಕಾರಿಗೆ ಹಸಿರು ಫಲಕದ ಮೇಲೆ ಬಿಳಿ ಅಕ್ಷರ. ಬಾಡಿಗೆ ಕಾರಿಗೆ ಹಸಿರಿನ ಮೇಲೆ ಹಳದಿ.

● ಕರೆಂಟು ನೆರೆಮನೆಯದೇ. ಕುಡತಿನಿಯ ಶಾಖೋತ್ಪನ್ನ ಸ್ಥಾವರದ ಸಾಮರ್ಥ್ಯ 1,700 ಮೆಗಾವ್ಯಾಟ್. ಅದು ಪೂರ್ಣ ಬಲದಲ್ಲಿ ಒಂದು ಗಂಟೆ ಓಡಿದರೆ ಬರುವ 17 ಲಕ್ಷ ಯೂನಿಟ್ ಟಿಯಾಗೊದ 70 ಸಾವಿರ ದೊಡ್ಡ ಬ್ಯಾಟರಿಗಳಿಗೆ ಸಮ. ಅಲ್ಲಿ ಉರಿಯುವುದು ಕಲ್ಲಿದ್ದಲು ಎಂಬುದನ್ನೂ ಮರೆಯಬೇಡಿ. ಓಣಿಯ ಹೊಗೆ ತಪ್ಪಿತು, ಚಿಮಣಿಯದು ತಪ್ಪಲಿಲ್ಲ.

ಕೊನೆಗೆ ಯಾವುದು? ಮನೆಯಲ್ಲಿ ಈಗಾಗಲೇ ದೊಡ್ಡ ಕಾರಿದ್ದು, ಅಂಗಡಿ–ಶಾಲೆ–ಮಾರುಕಟ್ಟೆಗೆ ಇನ್ನೊಂದು ಬೇಕಿದ್ದರೆ ಕಾಮೆಟ್. ಮನೆಗೆಲ್ಲ ಇದೊಂದೇ ಕಾರು, ಹಬ್ಬಕ್ಕೆ ಐದು ಜನ ಊರಿಗೂ ಹೋಗಬೇಕು ಎಂದಾದರೆ ದೊಡ್ಡ ಬ್ಯಾಟರಿಯ ಟಿಯಾಗೊ. ರಾತ್ರಿ ಕಾರು ನಿಲ್ಲುವ ಕಡೆ ನಿಮ್ಮದೇ ಮೀಟರಿನ ಸಾಕೆಟ್ ಇಲ್ಲದಿದ್ದರೆ ಸದ್ಯಕ್ಕೆ ಎರಡೂ ಬೇಡ. ಆದ್ದರಿಂದ ಮೊದಲು ಎಲೆಕ್ಟ್ರೀಷಿಯನ್ನನ್ನು ಮನೆಗೆ ಕರೆಸಿ, ಆಮೇಲೆ ಶೋರೂಮಿಗೆ ಹೋಗಿ.