ಹೋಗೋ ಬಸ್ಸಲ್ಲ, ಬರೋ ಬಸ್ಸು ಮೊದಲು ನೋಡಿ

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ಸ್ಟುಡಿಯೋದಲ್ಲಿ ಕೂತು ನಾವು ಚರ್ಚೆ ಮಾಡಿದ್ದೇ ಮಾಡಿದ್ದು. ಖಜಾನೆಗೆ ಹೊರೆಯೋ ಅಲ್ವೋ, ಗಂಡಸರಿಗೆ ಸೀಟು ಸಿಗುತ್ತೋ ಇಲ್ವೋ! ಟಿಕೆಟ್ ಫ್ರೀ ಆದ ಮೇಲೆ ಆ ಬಸ್ಸಲ್ಲಿ ಹೋಗಿ ಬರೋದು ಹೇಗೆ ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ, ಅದು ನಿಜ.

ನಮ್ಮಮ್ಮ ಗೊಮ್ಮಟನ್ನ ನೋಡಬೇಕು ಅಂದ್ರು. ನಾನು ಬುದ್ಧಿವಂತ ನೋಡಿ, ಒಂದೇ ದಿನದಲ್ಲಿ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರೂ ಮುಗಿಸೋ ಲೆಕ್ಕ ಹಾಕಿದೆ. ಬೆಂಗಳೂರು ಬಿಟ್ಟಿದ್ದೇ ತಡ, ಚನ್ನರಾಯಪಟ್ಟಣದಲ್ಲಿ ಇನ್ನೊಂದು ಬಸ್ಸಿಗೆ ಕಾದಿದ್ದು ಬೇರೆ. ವಿಂಧ್ಯಗಿರಿಯ ಬುಡ ಮುಟ್ಟಿದಾಗ ಮಧ್ಯಾಹ್ನ ಹನ್ನೆರಡೂವರೆ. ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಚಪ್ಪಲಿ ಹಾಕೋ ಹಾಗಿಲ್ಲ. ಕಲ್ಲು ಕಾದ ಹೆಂಚು! ನೂರು ಮೆಟ್ಟಿಲು ದಾಟೋ ಮುಂಚೆ ಅಮ್ಮ ಕೂತುಬಿಟ್ರು. "ಬಿಡಪ್ಪಾ, ಇಲ್ಲಿಂದಲೇ ಕೈ ಮುಗೀತೀನಿ" ಅಂದ್ರು. 981ರ ಸುಮಾರಿಗೆ ಗಂಗರ ಮಂತ್ರಿ ಚಾವುಂಡರಾಯ ನಿಲ್ಲಿಸಿದ, ಸುಮಾರು 58 ಅಡಿಯ ಆ ಮೂರ್ತಿಯನ್ನು ನೋಡದೆ ವಾಪಸ್ ಬಂದೆವು. ತಪ್ಪು ಬಸ್ಸಿನದಲ್ಲ, ನನ್ನದು.

ಹಾಗಾದ್ರೆ ಹೇಗೆ ಹೋಗಬೇಕು? ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಊರು ಸೇರಿ. ಹಾಸನದ ಕಡೆ ಹೋಗೋ ಬಸ್ಸು ಹತ್ತೋ ಮುಂಚೆ ಕಂಡಕ್ಟರನ್ನ ಒಂದು ಮಾತು ಕೇಳಿ: "ಚನ್ನರಾಯಪಟ್ಟಣ ಸ್ಟ್ಯಾಂಡ್ ಒಳಗೆ ಹೋಗುತ್ತಾ, ಬೈಪಾಸಾ?" ಬೈಪಾಸ್ ಅಂದ್ರೆ ಇಳಿದುಬಿಡಿ. ಹೆಣ್ಣುಮಕ್ಕಳ ಶೂನ್ಯ ಟಿಕೆಟ್ ರಾಜಹಂಸ, ಎ.ಸಿ. ಬಸ್ಸುಗಳಿಗೆ ಇಲ್ಲ, ಅದೂ ನೆನಪಿರಲಿ. ಕುಣಿಗಲ್ ಮೇಲೆ ಹಾಸನಕ್ಕೆ ಹೋಗೋ ರೈಲಿಗೂ ಶ್ರವಣಬೆಳಗೊಳದಲ್ಲಿ ಸ್ಟೇಷನ್ ಇದೆ, ಆದರೆ ಅದು ಬೆಟ್ಟದ ಬುಡದಲ್ಲಿಲ್ಲ.

ಇಳಿದ ತಕ್ಷಣ ಮಾಡಬೇಕಾದ ಕೆಲಸ, ಮರುದಿನ ಊರು ಬಿಡೋ ಬಸ್ಸಿನ ಹೊತ್ತು ವಿಚಾರಿಸೋದು. ಮೊಬೈಲ್ ನಂಬಬೇಡಿ, ಸ್ಟ್ಯಾಂಡಿನಲ್ಲೇ ಕೇಳಿ.

ಸಂಜೆಗೆ ಚಂದ್ರಗಿರಿ. ಜನ ಇದನ್ನ ಬಿಟ್ಟು ಹೋಗ್ತಾರೆ, ನನಗೆ ಅದೇ ಸಿಟ್ಟು. ಗೊಮ್ಮಟ ನಿಲ್ಲೋದಕ್ಕೆ ಶತಮಾನಗಳ ಮುಂಚಿನಿಂದ ಜೈನ ಮುನಿಗಳು ತಪಸ್ಸಿಗೆ, ಸಲ್ಲೇಖನಕ್ಕೆ ಬಂದ ಬೆಟ್ಟ ಅದು. ಭದ್ರಬಾಹು ಮುನಿಯ ಜೊತೆ ಚಂದ್ರಗುಪ್ತ ಮೌರ್ಯ ಬಂದ ಅನ್ನೋ ಪ್ರತೀತಿ ಇರೋದೂ ಇಲ್ಲೇ. ಬಂಡೆಯ ಮೇಲೆ, ಕಾಲ ಕೆಳಗೇ ಹಳಗನ್ನಡದ ಅಕ್ಷರ ಸಿಗುತ್ತೆ. ಬೆಳಗೊಳದ ಶಾಸನಗಳೆಲ್ಲ ಸೇರಿ ಐನೂರಕ್ಕೂ ಹೆಚ್ಚು. ಮೆಟ್ಟಿಲೂ ಕಮ್ಮಿ.

ರಾತ್ರಿ ಊರಲ್ಲೇ ಉಳಿದು, ಬೆಳಗ್ಗೆ ಕಲ್ಲು ತಣ್ಣಗಿರುವಾಗಲೇ ವಿಂಧ್ಯಗಿರಿ ಹತ್ತಿ. ಆಮೇಲೆ ಹಾಸನ. ಹಳೇಬೀಡು, ಬೇಲೂರಿಗೆ ಅಲ್ಲಿಂದ ಬಸ್ಸಿದೆ, ಆ ಎರಡು ಊರಿನ ನಡುವೆ ಬರೀ 16 ಕಿಲೋಮೀಟರ್. 2023ರಲ್ಲೇ ಎರಡೂ ವಿಶ್ವ ಪಾರಂಪರಿಕ ಪಟ್ಟಿ ಸೇರಿವೆ. ಅವಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ.

ವಯಸ್ಸಾದವರಿಗೆ ಡೋಲಿ ಇದೆ, ದರ ಮೊದಲೇ ಮಾತಾಡಿ. ಮುಂದಿನ ವರ್ಷ ಅಮ್ಮ ಹತ್ತಿದ್ದು ಹಾಗೇ. ಗೊಮ್ಮಟನ ಪಾದದ ಹತ್ತಿರ ತುಂಬಾ ಹೊತ್ತು ಸುಮ್ಮನೆ ನಿಂತಿದ್ರು. ಆಮೇಲೆ ನನ್ನ ಕಡೆ ತಿರುಗಿ, "ವಾಪಸ್ ಬಸ್ಸು ಎಷ್ಟೊತ್ತಿಗೆ, ಕೇಳಿದ್ದೀಯಾ?" ಅಂದ್ರು.