ಹೆಸರು ಒಬ್ಬರದು, ಕೌಶಲ ಮತ್ತೊಬ್ಬರದು

ಮಸೂರವು ಕ್ಯಾಮರಾದ ಕಣ್ಣು. ಅದರ ಅಂಚಿನಲ್ಲಿ ಕೆತ್ತಿರುವ ಹೆಸರು ತಯಾರಕರದೇ ಎಂದು ಕೊಳ್ಳುವವರು ಭಾವಿಸುವುದು ಸಹಜ. ಆದರೆ ಅದು ಯಾವಾಗಲೂ ನಿಜವಲ್ಲ.

ಜರ್ಮನಿಯಿಂದ ವಲಸೆ ಬಂದ ಪಾಂಡರ್ ಮತ್ತು ಬೆಸ್ಟ್ ಎಂಬುವರು 1938ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಛಾಯಾಗ್ರಹಣ ಸಾಮಗ್ರಿಗಳ ವ್ಯಾಪಾರವನ್ನು ಆರಂಭಿಸಿದರು. 1960ರ ದಶಕದಲ್ಲಿ ಅವರ ಸಂಸ್ಥೆಯು 'ವಿವಿಟಾರ್' ಎಂಬ ಹೆಸರಿನಿಂದ ಮಸೂರಗಳನ್ನು ಮಾರತೊಡಗಿತು. ಗಾಜನ್ನು ಉಜ್ಜಿ, ನುಣುಪುಗೊಳಿಸಿ, ಜೋಡಿಸಿಕೊಡುತ್ತಿದ್ದವರು ಜಪಾನಿನ ಕಾರ್ಖಾನೆಗಳವರು. 1970ರ ದಶಕದ ಮಸೂರಗಳಲ್ಲಿ ಕ್ರಮಸಂಖ್ಯೆಯ ಮೊದಲ ಎರಡು ಅಂಕೆಗಳು ಮಾತ್ರ ಅವರನ್ನು ಸೂಚಿಸುತ್ತಿದ್ದವು: 22 ಎಂದರೆ ಕಿನೊ, 28 ಎಂದರೆ ಕೊಮಿನೆ, 37 ಎಂದರೆ ಟೋಕಿನಾ.

ಇದು ವಂಚನೆಯೇ? ಹಾಗೆನ್ನಲಾಗದು. ಮಸೂರ ತಯಾರಿಕೆಗೆ ಸೂಕ್ಷ್ಮ ಯಂತ್ರಗಳೂ ಪಳಗಿದ ಕೈಗಳೂ ಬೇಕು. ಅವು ಎಲ್ಲ ಸಂಸ್ಥೆಗಳಲ್ಲಿಯೂ ಇರುವುದಿಲ್ಲ. 'ಸೀರೀಸ್ 1' ಎಂಬ ಮಾಲೆಯ ಪ್ರಸಿದ್ಧ ಜೂಮ್ ಮಸೂರದ ವಿನ್ಯಾಸವನ್ನು ವಿವಿಟಾರ್ ಸಂಸ್ಥೆಯೇ ಮಾಡಿಸಿತು. ಅದನ್ನು ಮೊದಲು ತಯಾರಿಸಿದ್ದು ಕಿನೊ.

ವಸ್ತುವಿಗೆ ತನ್ನ ಹೆಸರನ್ನು ಕೊಟ್ಟವನು ಅದರ ಗುಣದೋಷಗಳ ಹೊಣೆಯನ್ನೂ ಹೊರಬೇಕಾಗುತ್ತದೆ. ಆದರೆ ಗಾಜನ್ನು ಉಜ್ಜಿದ ಕುಶಲಕರ್ಮಿಯ ಕೀರ್ತಿಯು ಎರಡು ಅಂಕೆಗಳಲ್ಲಿ ಅಡಗಿ ಉಳಿಯುತ್ತದೆ. ಆ ಅಂಕೆಗಳನ್ನು ಓದಬಲ್ಲ ಗ್ರಾಹಕನು ಹೆಸರಿಗೆ ಮರುಳಾಗದೆ ವಸ್ತುವನ್ನೇ ಪರೀಕ್ಷಿಸಿ ಕೊಳ್ಳುತ್ತಾನೆ.