ಗಾಲಿಯ ಮೇಲೊಂದು ಮನೆ, ಒಳಗೆ ಇಬ್ಬರೇ

ಮಗಳ ಬಾಣಂತನಕ್ಕೆಂದು 2022ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಿನಿಯಾಪೊಲಿಸ್‌ಗೆ ಹೋಗಿದ್ದೆ. ಅಲ್ಲಿಯ ಚಳಿಯ ಸುದ್ದಿ ಹೇಳಿದರೆ ಉತ್ಪ್ರೇಕ್ಷೆ ಅಂದುಕೊಂಡೀರಿ. ಜನವರಿಯ ರಾತ್ರಿ ಸೊನ್ನೆಗಿಂತ 13-14 ಡಿಗ್ರಿ ಕೆಳಗಿಳಿದರೆ ಅದು ಸಾಧಾರಣ ಚಳಿಯಂತೆ! ಹೊರಗೆ ಮರೆತ ಬಕೆಟ್ಟಿನ ನೀರು ಬೆಳಗಾಗುವುದರೊಳಗೆ ಕಲ್ಲು.

ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ದಂಪತಿ. ಇಬ್ಬರೂ ಕೆಲಸದಿಂದ ನಿವೃತ್ತರಾದವರು, ಮಕ್ಕಳು ದೂರದ ಊರುಗಳಲ್ಲಿ. ಜನವರಿಯ ಒಂದು ಬೆಳಿಗ್ಗೆ ನೋಡುತ್ತೇನೆ, ಅವರ ಬಾಗಿಲಲ್ಲಿ ಬಿಳೀ ಡಬ್ಬಿಯಂಥ ಉದ್ದನೆಯ ಗಾಡಿ ನಿಂತಿದೆ.

“ಏನೇ ಇದು, ಮನೆ ಖಾಲಿ ಮಾಡ್ತಾರೇನೇ?” ಅಂತ ಮಗಳನ್ನು ಕೇಳಿದೆ.

“ಇಲ್ಲಮ್ಮ, ಅದು ಅವರ ಟ್ರೈಲರ್. ಚಳಿಗಾಲ ಮುಗಿಯೋವರೆಗೂ ಟೆಕ್ಸಾಸ್‌ನಲ್ಲಿರ್ತಾರೆ. ಇಂಥವರನ್ನ ಇಲ್ಲಿ ಸ್ನೋಬರ್ಡ್ ಅಂತಾರೆ.”

ಸ್ನೋಬರ್ಡ್ ಅಂದರೆ ಹಿಮದ ಹಕ್ಕಿ. ಚಳಿಗೆ ದಕ್ಷಿಣಕ್ಕೆ ಹಾರಿ, ಹಿಮ ಕರಗಿದ ಮೇಲೆ ಗೂಡಿಗೆ ಮರಳುವ ಜನ. ಉತ್ತರದ ರಾಜ್ಯಗಳಿಂದಲೂ ಕೆನಡಾದಿಂದಲೂ ಫ್ಲಾರಿಡಾ, ಟೆಕ್ಸಾಸ್, ಅರಿಜೋನಾ ಕಡೆಗೆ ಹೊರಡುತ್ತಾರೆ. ತಿಂಗಳುಗಟ್ಟಲೆ ಹೋಟೆಲಿಗೆ ದುಡ್ಡು ಸುರಿಯಲು ಎಲ್ಲರಿಗೂ ಆದೀತೇ? ಅದಕ್ಕೇ ಕೆಲವರು ಮನೆಯನ್ನೇ ಗಾಡಿಗೆ ಕಟ್ಟಿಕೊಂಡು ಹೊರಡುವುದು. ಇದು ಹೊಸ ಹುಚ್ಚೇನಲ್ಲ. 1919ರಲ್ಲೇ ಫ್ಲಾರಿಡಾದ ಟ್ಯಾಂಪಾದಲ್ಲಿ ಡೇರೆ ಹಾಕಿದ್ದ ಇಂಥವರು ಸಂಘ ಕಟ್ಟಿಕೊಂಡು, ‘ತಗಡು ಡಬ್ಬಿಯ ಪ್ರವಾಸಿಗಳು’ ಅಂತ ತಮಗೆ ತಾವೇ ಹೆಸರಿಟ್ಟುಕೊಂಡಿದ್ದರು.

ನನ್ನ ಹರಕುಮುರುಕು ಇಂಗ್ಲಿಷಿಗೆ ಬೇಸರಿಸದೆ ಆಕೆ ಗಾಡಿಯೊಳಗೆ ಕರೆದರು. ಹೆಂಗಸಾದವಳು ಮೊದಲು ನೋಡುವುದು ಅಡಿಗೆಮನೆಯನ್ನೇ ತಾನೆ? ಮೂರು ಬರ್ನರಿನ ಒಲೆ, ಹೊರಗೆ ನಮ್ಮ ಹಾಗೇ ಗ್ಯಾಸ್ ಸಿಲಿಂಡರು, ಪುಟ್ಟ ಫ್ರಿಜ್ಜು, ಬೋಗುಣಿಯಷ್ಟು ಸಿಂಕು. ಊಟದ ಮೇಜನ್ನು ಕೆಳಗಿಳಿಸಿದರೆ ಹಾಸಿಗೆ. ಪ್ರತಿ ಕಪಾಟಿಗೂ ಚಿಲಕ, ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಸಕ್ಕರೆ ಡಬ್ಬಿ ತಲೆಯ ಮೇಲೆ! ಸಾಮಾನು ಜೋಡಿಸುವುದಕ್ಕೂ ಲೆಕ್ಕವುಂಟು. ಭಾರದ್ದೆಲ್ಲ ಕೆಳಗೆ, ಗಾಲಿಯ ಹತ್ತಿರ. ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಹಿಂದುಗಡೆ ಭಾರ ಹೆಚ್ಚಾದರೆ ಗಾಡಿ ಹಾವಿನ ಹಾಗೆ ಓಲಾಡಿ, ಎಳೆಯುವ ವಾಹನವನ್ನೇ ರಸ್ತೆಯಿಂದಾಚೆಗೆ ತಳ್ಳಬಹುದು. ಉಪ್ಪಿನಕಾಯಿ ಜಾಡಿಗಳನ್ನು ಎಲ್ಲೆಂದರಲ್ಲಿ ತುರುಕುವ ನನ್ನಂಥವಳಿಗೆ ಇದು ಸಾಧ್ಯವಿಲ್ಲದ ಮಾತು.

ಮನೆಗೆ ಬೀಗ ಹಾಕುವುದೂ ಒಂದು ದಿನದ ಕೆಲಸ. ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕೊಳವೆ ಒಡೆಯುತ್ತದಲ್ಲ, ಅದಕ್ಕೆ ಮುಖ್ಯ ನಲ್ಲಿ ಕಟ್ಟಿ, ಇದ್ದ ನೀರನ್ನೆಲ್ಲ ಬಸಿದು, ಬಚ್ಚಲಿಗೂ ಕಕ್ಕಸಿಗೂ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರಾವಣ ಸುರಿದರು. ಗಾಡಿಯ ಕೊಳಾಯಿಗೂ ಅಷ್ಟೆ, ಬೆಚ್ಚನೆಯ ಸೀಮೆ ಬರುವವರೆಗೆ ನೀರು ತುಂಬುವುದಿಲ್ಲ. ಅಲ್ಲಿಯವರೆಗೆ ಕ್ಯಾನಿನ ನೀರೇ ಗತಿ.

ಬಳಸಿದ ನೀರು ಎಲ್ಲಿ ಹೋಗುತ್ತದೆ ಅಂತ ನೀವು ಕೇಳಿಯೇ ಕೇಳುತ್ತೀರಿ, ನಾನೂ ಕೇಳಿದೆ. ಗಾಡಿಯ ಹೊಟ್ಟೆಯಲ್ಲಿ ಎರಡು ತೊಟ್ಟಿ. ಅದಕ್ಕೆಂದೇ ಇರುವ ಜಾಗದಲ್ಲಿ ನಿಲ್ಲಿಸಿ, ಕೈಚೀಲ ತೊಟ್ಟು, ಮೊದಲು ಕಕ್ಕಸಿನ ತೊಟ್ಟಿ, ಆಮೇಲೆ ಬಚ್ಚಲಿನದು ಖಾಲಿ ಮಾಡಬೇಕು. ಹಾಗಾದರೆ ಕೊಳವೆ ತಾನಾಗಿ ತೊಳೆದುಕೊಳ್ಳುತ್ತದೆ. “ಅದು ಯಜಮಾನರ ಕೆಲಸ, ನಾನು ಆ ಕಡೆ ತಿರುಗಿಯೂ ನೋಡೋದಿಲ್ಲ” ಅಂತ ಆಕೆ ನಕ್ಕರು.

ನಿವೃತ್ತಿಯಾದ ಗಂಡ ದಿನವಿಡೀ ಮನೆಯಲ್ಲಿದ್ದರೆ ಏನು ಪಾಡು ಅನ್ನುವುದು ನಮಗೂ ಗೊತ್ತು. ಇಲ್ಲಂತೂ ಮನೆಯೇ ಹತ್ತು ಹೆಜ್ಜೆ! “ಜಗಳ ಆಗೋದಿಲ್ವೇ?” ಅಂದೆ. “ಆಗದೆ ಏನು? ಬೆಳಿಗ್ಗೆ ಹತ್ತು ಗಂಟೆ ಆದ ಮೇಲೆ ಅವರ ದಾರಿ ಅವರದು, ನನ್ನ ದಾರಿ ನನ್ನದು” ಅಂದರು. ಟ್ರೈಲರುಗಳು ನಿಲ್ಲುವ ಬಯಲಿನಲ್ಲಿ ದೊಡ್ಡ ಹಾಲ್ ಇದೆ. ಗಂಡಸರು ಇಸ್ಪೀಟಿಗೆ, ಹೆಂಗಸರು ಬಟ್ಟೆ ತುಂಡು ಜೋಡಿಸಿ ಕ್ವಿಲ್ಟ್ ಹೊಲಿಯಲು. ಒಂದನ್ನು ಬಿಡಿಸಿ ತೋರಿಸಿದರು. ನಾನು ಓಡಿಹೋಗಿ ಮೊಮ್ಮಗನಿಗೆಂದು ತಂದಿದ್ದ ಕೌದಿ ತಂದೆ. ಒಂದರ ಪಕ್ಕ ಒಂದು ಹಾಸಿ ಹೊಲಿಗೆ ನೋಡುತ್ತಾ ಕೂತೆವು. ಭಾಷೆ ಬೇಕಾಗಲಿಲ್ಲ.

ಆ ಹೊತ್ತಿನಲ್ಲೇ ಆಕೆ ಒಕ್ಲಹೋಮಾದ ಕಥೆ ಹೇಳಿದ್ದು. ಆರು ವರ್ಷದ ಹಿಂದೆ ಇದೇ ದಾರಿಯಲ್ಲಿ ಯಜಮಾನರಿಗೆ ಎದೆನೋವು. ಮೈಯೆಲ್ಲ ಬೆವರು. ಹೇಗೋ ಪೆಟ್ರೋಲ್ ಬಂಕಿನವರೆಗೆ ತಂದು ನಿಲ್ಲಿಸಿದರು. ಆಂಬುಲೆನ್ಸ್ ಬಂತು, ಆಸ್ಪತ್ರೆ ಸೇರಿಸಿದರು, ಪ್ರಾಣ ಉಳಿಯಿತು. ಆದರೆ ಗಾಡಿ? ಒಂಬತ್ತು ದಿನ ಬಂಕಿನ ಅಂಗಳದಲ್ಲೇ ನಿಂತಿತ್ತು. ಬಟ್ಟೆ, ದುಡ್ಡಿನ ಕಾಗದ, ಅವರ ಮಾತ್ರೆಗಳ ಪಟ್ಟಿ ಎಲ್ಲ ಅದರೊಳಗೆ. ಆಕೆಗೆ ಕಾರು ಬಿಡಲು ಬರುತ್ತಿತ್ತು. ಟ್ರೈಲರ್ ಕಟ್ಟಿಕೊಂಡು ಒಂದಡಿಯೂ ಬಿಟ್ಟಿರಲಿಲ್ಲ. ಮಗ ವಿಮಾನದಲ್ಲಿ ಬರುವವರೆಗೆ ಆಸ್ಪತ್ರೆಯ ಕುರ್ಚಿಯಲ್ಲೇ ರಾತ್ರಿ ಕಳೆದರಂತೆ. “ಆ ಗಾಡಿಯಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದ್ದೆ. ಅದನ್ನ ಅಲ್ಲಿಂದ ಕದಲಿಸೋಕೆ ನನಗೆ ಬರ್ಲಿಲ್ಲ.”

ಊರಿಗೆ ಮರಳಿದ ಮೇಲೆ ಅರವತ್ತೇಳನೆಯ ವಯಸ್ಸಿನಲ್ಲಿ ಕಲಿಯಲು ಹೊರಟರು. ಭಾನುವಾರ ಖಾಲಿ ಶಾಲೆಯ ಬಯಲಿನಲ್ಲಿ ನಾಲ್ಕು ಬಕೆಟ್ ಇಟ್ಟುಕೊಂಡು ಅಭ್ಯಾಸ. ಮುಂದಕ್ಕೆ ಹೋಗುವುದು ಸುಲಭ, ಹಿಂದಕ್ಕೆ ಬಿಡುವುದೇ ಕಷ್ಟ. ನಾವು ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೈಲರಿನ ಹಿಂಬದಿ ಎಡಕ್ಕೆ ಹೋಗುತ್ತದೆ. ಅದಕ್ಕೆ ಒಂದು ಉಪಾಯ: ಸ್ಟೀರಿಂಗನ್ನು ಕೆಳತುದಿಯಲ್ಲಿ ಹಿಡಿದು, ಹಿಂಬದಿ ಯಾವ ಕಡೆ ಹೋಗಬೇಕೋ ಆ ಕಡೆಗೇ ಕೈ ಸರಿಸುವುದು. ಮೂರು ಬಕೆಟ್ ಅಪ್ಪಚ್ಚಿಯಾದ ಮೇಲೆ ಕೈಗೆ ಬಂತಂತೆ. ಯಜಮಾನರನ್ನೂ ಸುಮ್ಮನೆ ಬಿಡಲಿಲ್ಲ. ಸಾರು, ರೊಟ್ಟಿ ಮಾಡಲು ಕಲಿಸಿದರು. ತನ್ನ ಮಾತ್ರೆ ಯಾವುದು, ಯಾವಾಗ ಅಂತ ಉರು ಹೊಡೆಸಿದರು. ಇಬ್ಬರ ಮಾತ್ರೆ, ಡಾಕ್ಟರ ಫೋನು, ವಿಮೆಯ ನಂಬರು ಬರೆದ ಹಾಳೆ ಈಗ ಫ್ರಿಜ್ಜಿನ ಬಾಗಿಲ ಮೇಲಿದೆ.

ರಾತ್ರಿ ನಮ್ಮ ಮನೆಯವರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. “ನಮಗೆಲ್ಲಿಯ ಟ್ರೈಲರ್ ಬಿಡೇ” ಅಂದರು. “ಅದಿರಲಿ, ಬೀರುವಿನ ಕಾಗದಪತ್ರ ಯಾವುದು ಎಲ್ಲಿದೆ, ಹೇಳಿ ನೋಡೋಣ” ಅಂದೆ. “ಅದಿರಲಿ, ಅನ್ನಕ್ಕೆ ನೀರೆಷ್ಟು ಇಡ್ಬೇಕೇ?” ಅಂತ ಕೇಳಿದರು!

ಮಾರನೆಯ ದಿನ ಹೊರಟರು. ಆಯೋವಾ, ಮಿಸ್ಸೌರಿ, ಕಾನ್ಸಾಸ್, ಒಕ್ಲಹೋಮಾ ದಾಟಿ ಟೆಕ್ಸಾಸಿನ ದಕ್ಷಿಣದ ತುದಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ಅಲ್ಲಿ ರಿಯೋ ಗ್ರಾಂಡೆ ಹೊಳೆಯಾಚೆಗೆ ಮೆಕ್ಸಿಕೊ. ಅಲ್ಲಿಯವರು ಈ ಅತಿಥಿಗಳನ್ನು ‘ಚಳಿಗಾಲದ ಟೆಕ್ಸಾಸಿಗರು’ ಅಂತ ಕರೆಯುತ್ತಾರೆ. ಹಾಗಂತ ಚಳಿ ಅಲ್ಲಿಗೆ ಬರುವುದೇ ಇಲ್ಲವೆಂದಲ್ಲ. 2021ರ ಫೆಬ್ರವರಿಯಲ್ಲಿ ಟೆಕ್ಸಾಸೇ ಹೆಪ್ಪುಗಟ್ಟಿ ಕರೆಂಟು ಹೋದಾಗ ಆಕೆ ಗ್ಯಾಸ್ ಒಲೆಯಲ್ಲಿ ಸೂಪು ಕಾಸಿ ಅಕ್ಕಪಕ್ಕದ ಗಾಡಿಗಳಿಗೆ ಹಂಚಿದ್ದರಂತೆ. ನಮ್ಮ ಮನೆ ಮುಂದೆ ಹಾದುಹೋಗುವಾಗ ನೋಡಿದೆ, ಸ್ಟೀರಿಂಗ್ ಹಿಡಿದವರು ಆಕೆ! ಪಕ್ಕದಲ್ಲಿ ಯಜಮಾನರು ಮಡಿಲಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು.

ಫೆಬ್ರವರಿಯಲ್ಲಿ ಒಂದು ಪೆಟ್ಟಿಗೆ ಬಂತು. ತುಂಬ ಕೆಂಪು ತಿರುಳಿನ ಗ್ರೇಪ್‌ಫ್ರೂಟ್. ನಮ್ಮ ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ ಹಣ್ಣು ಅನ್ನಿ. ಆ ಸೀಮೆಯಲ್ಲಿ ಹೇರಳವಾಗಿ ಬೆಳೆಯುತ್ತದೆ. ಹೃದಯಕ್ಕೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳ ಜೊತೆ ಇದನ್ನು ತಿನ್ನಬಾರದು. ಯಜಮಾನರಿಗೆ ವರ್ಜ್ಯವಾದ್ದರಿಂದ ನಮಗೆ ಕಳಿಸಿದ್ದರು. ತೊಳೆ ಬಿಡಿಸಿ ತಿಂದೆವು. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಎರಡು ಸಲ ಬೇಯಿಸಿ ನೀರು ಚೆಲ್ಲಿದೆ, ಕಹಿ ಇಳಿಯಿತು. ಹುಣಿಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಗಟ್ಟಿಯಾಗುವವರೆಗೆ ಕುದಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟೆ. ಗೊಜ್ಜು ಚೆನ್ನಾಗಿಯೇ ಆಯಿತು.

ಅವರು ಮರಳುವ ಮುಂಚೆಯೇ ನಾನು ಊರಿಗೆ ಹೊರಡಬೇಕಿತ್ತು. ಒಂದು ಬಾಟಲಿ ಗೊಜ್ಜನ್ನು ಆಕೆಗೆಂದು ಫ್ರಿಜ್ಜಿನಲ್ಲಿ ಎತ್ತಿಟ್ಟು, ಮಗಳ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ ಚೀಟಿ ಅಂಟಿಸಿದೆ: ‘ಯಜಮಾನರಿಗಲ್ಲ.’